ದೊಡ್ಡಪ್ಪನ 8 ಎಂ.ಎಂ. ರೀಲುಗಳಿಗೆ ಸ್ಪ್ಲೈಸರ್ ಬೇಕು: ಹೊಸದು ಕೊಳ್ಳಲೋ, ಹಳೆಯದೋ?

ಮುಲುಂಡ್ ಅಟ್ಟ · ಜೂನ್ 3, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಹಡಗಿನ ಎಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ದುಡಿದವರು. ಹೋದ ವರ್ಷ ತೀರಿಕೊಂಡರು. ಮನೆಯನ್ನು ಬಾಡಿಗೆಗೆ ಕೊಡುವ ಮೊದಲು ಅಟ್ಟ ಖಾಲಿ ಮಾಡಲು ಹತ್ತಿದಾಗ ಅವರ ಕಬ್ಬಿಣದ ಟ್ರಂಕು ಸಿಕ್ಕಿತು. ಒಳಗೆ ಇಪ್ಪತ್ತಮೂರು ಸಣ್ಣ ರೀಲು, ಜಪಾನಿನ ಒಂದು ಪ್ರೊಜೆಕ್ಟರ್, ಕರಗಿ ಸಾಸಿವೆ ಗಾತ್ರಕ್ಕೆ ಇಳಿದ ನುಸಿಗುಳಿಗೆಗಳು.

ಪ್ರೊಜೆಕ್ಟರಿಗೆ ಬೆಲ್ಟು, ಬಲ್ಬು ಹಾಕಿಸಿದೆ, ಓಡುತ್ತದೆ. ತೊಂದರೆ ರೀಲುಗಳದ್ದು. ಎರಡು ನಿಮಿಷಕ್ಕೊಮ್ಮೆ ಎಲ್ಲೋ ಒಂದು ಹಳೆಯ ಜೋಡಣೆ ಬಿಚ್ಚಿಕೊಳ್ಳುತ್ತದೆ. ಕೆಲವು ಕಡೆ ದೊಡ್ಡಪ್ಪ ಕಾಗದಕ್ಕೆ ಹಚ್ಚುವ ಸೆಲ್ಲೋಟೇಪನ್ನೇ ಹಚ್ಚಿದ್ದಾರೆ. ಅದು ಹಳದಿಯಾಗಿ ಹಪ್ಪಳದ ಚೂರಿನಂತೆ ಉದುರಿ, ಅಂಟನ್ನು ಮಾತ್ರ ಫಿಲ್ಮಿನ ಮೇಲೆ ಬಿಟ್ಟು ಹೋಗಿದೆ.

ನನಗೆ ಮುಖ್ಯವಾದದ್ದು ‘ವಿಟ್ಲಪಿಂಡಿ 1973’ ಎಂದು ಡಬ್ಬಿಯ ಮೇಲೆ ಬರೆದಿರುವ ರೀಲು. ಉಡುಪಿಯ ರಥಬೀದಿಯ ಹುಲಿವೇಷ. ಆ ತಂಡದ ಮರಿಹುಲಿ ನನ್ನ ಸೋದರಮಾವ ಎಂದು ಅಮ್ಮ ಹೇಳುತ್ತಾರೆ. ಅದು ಒಂಬತ್ತು ಕಡೆ ತುಂಡಾಗಿದೆ.

ತುಂಡಾದ ಫಿಲ್ಮನ್ನು ಜೋಡಿಸುವ ಯಂತ್ರ, ಅಂದರೆ ಸ್ಪ್ಲೈಸರ್ ಕೊಳ್ಳಬೇಕು. ಐದು ಸಾವಿರ ರೂಪಾಯಿಯವರೆಗೆ ಹಾಕಬಲ್ಲೆ. ಹೊಸದು ಹುಡುಕಲೇ, ಚೋರ್ ಬಜಾರಿನಲ್ಲಿ ಹಳೆಯದು ನೋಡಲೇ? ಅಂಟು ಹಚ್ಚುವ ಬಗೆಯದೋ, ಟೇಪು ಹಚ್ಚುವ ಬಗೆಯದೋ? ಈ ವಿದ್ಯೆಯಲ್ಲಿ ನಾನು ಪೂರ್ತಿ ಹೊಸಬ.

ಚಾಳಿನ ಕೊನೆಮನೆ · ಜೂನ್ 3, ರಾತ್ರಿ 10:41

ಹಳೆಯದೇ ಕೊಳ್ಳಿ. ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಶುಕ್ರವಾರ ಬೆಳಗ್ಗೆ ಬೇಗ ಹೋಗಿ, ಅಂದು ರಸ್ತೆಯ ಮೇಲೇ ಹಾಸಿರುತ್ತಾರೆ. ಹೇಳಿದ ಬೆಲೆಯ ಮೂರನೇ ಒಂದು ಭಾಗದಿಂದ ಚೌಕಾಸಿ ಶುರು ಮಾಡಿ. ‘ಸ್ಪ್ಲೈಸರ್’ ಎಂಬ ಶಬ್ದವನ್ನು ಮಾತ್ರ ಬಾಯಿಯಿಂದ ತೆಗೆಯಬೇಡಿ. ಹೆಸರು ಗೊತ್ತಿರುವ ಗಿರಾಕಿಗೆ ಬೆಲೆ ದುಪ್ಪಟ್ಟು.

ಕೋತ್ರೂಡ್ ಕತ್ತರಿ · ಜೂನ್ 3, ರಾತ್ರಿ 11:30

ಮುಲುಂಡಿನವರೇ, ಶುಕ್ರವಾರಕ್ಕೆ ಅವಸರ ಮಾಡಬೇಡಿ. ನಾನು ಪುಣೆಯಲ್ಲಿ ಸಹಾಯಕ ಸಂಕಲನಕಾರನಾಗಿ ಇಪ್ಪತ್ತೆರಡು ವರ್ಷ ಸ್ಟೀನ್‌ಬೆಕ್ ಎಂಬ ಫಿಲ್ಮ್ ಸಂಕಲನದ ಮೇಜಿನ ಮುಂದೆ ಕುಳಿತವನು. ಯಂತ್ರವನ್ನು ಮೊದಲು ಕೊಂಡು ಫಿಲ್ಮನ್ನು ಆಮೇಲೆ ನೋಡುವುದು, ಹುಡುಗಿಯ ಕೈ ನೋಡದೆ ಬಳೆ ತಂದಂತೆ. ಮೊದಲು ನಿಮ್ಮ ರೀಲುಗಳನ್ನೇ ಎರಡು ಮಾತು ಕೇಳಿ.

ಮೊದಲನೆಯದು, ಇದು ಯಾವ ಎಂಟು? ‘8 ಎಂ.ಎಂ.’ ಎಂದು ಎಲ್ಲರೂ ಕರೆಯುವುದರಲ್ಲಿ ಎರಡು ಜಾತಿ ಇವೆ. ಕೊಡಾಕ್ 1932ರಲ್ಲಿ ತಂದದ್ದು ಹಳೆಯ ಎಂಟು, ಅಂದರೆ ರೆಗ್ಯುಲರ್ 8. ಅದರ ತೂತು ದೊಡ್ಡದು, ಎರಡು ಚಿತ್ರಗಳ ನಡುವಿನ ಗೆರೆಯ ಪಕ್ಕದಲ್ಲಿ ಇರುತ್ತದೆ. 1965ರಲ್ಲಿ ಬಂದ ಸೂಪರ್ 8ರಲ್ಲಿ ತೂತನ್ನು ಚಿಕ್ಕದು ಮಾಡಿ ಚಿತ್ರವನ್ನು ದೊಡ್ಡದು ಮಾಡಿದರು. ಅಲ್ಲಿ ತೂತು ಚಿತ್ರದ ಮಧ್ಯಭಾಗಕ್ಕೆ ಎದುರಾಗಿರುತ್ತದೆ. ಅಗಲ ಎರಡರದ್ದೂ ಒಂದೇ ಆದ್ದರಿಂದ ಬರಿಗಣ್ಣಿಗೆ ಮೋಸವಾಗುತ್ತದೆ, ಭೂತಗನ್ನಡಿ ಹಿಡಿಯಿರಿ. ಫ್ಯೂಜಿಯವರು ಅದೇ 1965ರಲ್ಲಿ ಸಿಂಗಲ್ 8 ಎಂದು ಇನ್ನೊಂದನ್ನು ತಂದರು. ಅದರ ಕಾರ್ಟ್ರಿಜ್ ಬೇರೆ, ಒಳಗಿನ ಫಿಲ್ಮಿನ ಅಳತೆ ಮಾತ್ರ ಸೂಪರ್ 8ರದ್ದೇ.

ಎರಡನೆಯದು, ಫಿಲ್ಮು ಯಾವುದರಿಂದ ಮಾಡಿದ್ದು? ಅಸಿಟೇಟೋ, ಪಾಲಿಯೆಸ್ಟರೋ? ರೀಲನ್ನು ಬಲ್ಬಿಗೆ ಎದುರಾಗಿ, ರೊಟ್ಟಿ ಹಿಡಿದಂತೆ ಚಪ್ಪಟೆ ಮೈ ನಿಮ್ಮ ಕಡೆಗಿರುವಂತೆ ಹಿಡಿಯಿರಿ. ಸುತ್ತಿದ ಸುರುಳಿಯ ಮೂಲಕವೇ ಬೆಳಕು ಮಂದವಾಗಿ ಹಾಯ್ದು ಬಂದರೆ ಪಾಲಿಯೆಸ್ಟರ್. ಕಪ್ಪು ತಟ್ಟೆಯಂತೆ ಕಂಡರೆ ಅಸಿಟೇಟ್. ತುದಿಯಲ್ಲಿರುವ ಚಿತ್ರವಿಲ್ಲದ ಪಟ್ಟಿಯ, ಅಂದರೆ ಲೀಡರಿನ, ಚೂರನ್ನು ಕೈಯಲ್ಲಿ ಹರಿದು ನೋಡಬಹುದು, ಅಸಿಟೇಟ್ ಹರಿಯುತ್ತದೆ, ಪಾಲಿಯೆಸ್ಟರ್ ನಿಮ್ಮ ಬೆರಳನ್ನು ಕೊಯ್ದೀತು, ತಾನು ಹರಿಯುವುದಿಲ್ಲ. ಆದರೆ ಲೀಡರನ್ನು ಬೇರೆ ಕಡೆಯಿಂದ ತಂದು ಜೋಡಿಸಿರುವುದೂ ಉಂಟು. ಬೆಳಕಿನ ಪರೀಕ್ಷೆಯನ್ನೇ ನಂಬಿ.

ಎರಡಕ್ಕೂ ಉತ್ತರ ತನ್ನಿ, ಆಮೇಲೆ ಅಂಗಡಿಯ ಮಾತು.

ಸಂಶಯಾತ್ಮ · ಜೂನ್ 4, ಬೆಳಗ್ಗೆ 8:05

ಈ ಕಾಲದಲ್ಲಿ ಸ್ಪ್ಲೈಸರ್ ಏಕೆ? ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿದರೆ ಮುಗಿಯಿತಲ್ಲ. ಐದು ಸಾವಿರ ಅದಕ್ಕೇ ಹಾಕಿ.

ಕೋತ್ರೂಡ್ ಕತ್ತರಿ · ಜೂನ್ 4, ಬೆಳಗ್ಗೆ 8:50

ಸ್ಕ್ಯಾನರಿನಲ್ಲೂ ಫಿಲ್ಮು ಓಡಲೇಬೇಕಲ್ಲ ಸ್ವಾಮಿ? ಹತ್ತು ತುಂಡುಗಳನ್ನು ಲಕೋಟೆಯಲ್ಲಿ ಹಾಕಿ ಕೊಟ್ಟರೆ ಅವರೂ ಮೊದಲು ಜೋಡಿಸುತ್ತಾರೆ, ಜೋಡಣೆಗೆ ಬೇರೆ ದುಡ್ಡು ಕೇಳುತ್ತಾರೆ.

ಮುಲುಂಡ್ ಅಟ್ಟ · ಜೂನ್ 5, ರಾತ್ರಿ 9:15

ಕತ್ತರಿ ಸರ್, ನೀವು ಹೇಳಿದಂತೆ ಮಾಡಿದೆ. ಹೆಂಡತಿ ಟಾರ್ಚ್ ಹಿಡಿದಳು, ನಾನು ರೀಲು ಹಿಡಿದೆ, ಮಗಳು ಪಟ್ಟಿ ಬರೆದಳು. ಹದಿನೈದು ರೀಲುಗಳಲ್ಲಿ ತೂತು ಚಿಕ್ಕದು, ಚಿತ್ರದ ಮಧ್ಯಕ್ಕೆ ಎದುರಾಗಿದೆ. ಈ ಹದಿನೈದರ ಸುರುಳಿಯ ಮೂಲಕ ಬೆಳಕು ಚಹಾದ ಬಣ್ಣದಲ್ಲಿ ಹಾಯ್ದು ಬರುತ್ತದೆ. ಡಬ್ಬಿಗಳ ಮೇಲೆ ಫ್ಯೂಜಿ ಹೆಸರಿದೆ. ದೊಡ್ಡಪ್ಪನ ಹಡಗು ಕೋಬೆಗೆ ಆಗಾಗ ಹೋಗುತ್ತಿತ್ತಂತೆ. ವಿಟ್ಲಪಿಂಡಿ ರೀಲು ಈ ಗುಂಪಿನಲ್ಲೇ ಇದೆ.

ಉಳಿದ ಎಂಟು ರೀಲುಗಳು ಕಪ್ಪು ತಟ್ಟೆ. ತೂತು ದೊಡ್ಡದೋ ಚಿಕ್ಕದೋ ಎಂದು ನಮ್ಮ ಮೂವರಲ್ಲೇ ಜಗಳವಾಯಿತು. ಒಂದರ ಮೇಲೆ ‘ದಾದರ್ ಟಿ.ಟಿ., ಟ್ರಾಮ್’ ಎಂದು ಪೆನ್ಸಿಲಿನಲ್ಲಿ ಬರೆದಿದೆ. ಇವುಗಳಲ್ಲಿ ಎರಡರ ಡಬ್ಬಿ ತೆರೆದರೆ ಉಪ್ಪಿನಕಾಯಿ ಜಾಡಿಯಂತೆ ಹುಳಿ ವಾಸನೆ.

ಕೋತ್ರೂಡ್ ಕತ್ತರಿ · ಜೂನ್ 5, ರಾತ್ರಿ 9:48

ಟ್ರಾಮ್ ಎಂದು ಬರೆದ ಮೇಲೆ ಜಗಳ ಏಕೆ? ಮುಂಬೈಯ ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ರಂದು, ಬೋರಿಬಂದರದಿಂದ ದಾದರಿಗೆ. ಸೂಪರ್ 8 ಹುಟ್ಟಿದ್ದೇ ಮರುವರ್ಷ. ಆದ್ದರಿಂದ ಆ ರೀಲು ರೆಗ್ಯುಲರ್ 8 ಆಗಿರಲೇಬೇಕು. ಅದನ್ನು ಪಕ್ಕದಲ್ಲಿಟ್ಟುಕೊಂಡು ಉಳಿದ ಏಳನ್ನು ಹೋಲಿಸಿ.

ಹುಳಿ ವಾಸನೆಯ ಎರಡನ್ನು ಈ ರಾತ್ರಿಯೇ ಬೇರೆ ಪೆಟ್ಟಿಗೆಗೆ ಹಾಕಿ, ಉಳಿದವುಗಳ ಜೊತೆ ಇಡಬೇಡಿ. ಅಸಿಟೇಟ್ ಕೊಳೆಯುವಾಗ ವಿನೆಗರಿನ ಆಮ್ಲವನ್ನೇ ಬಿಡುತ್ತದೆ, ಆ ಆಮ್ಲ ಕೊಳೆಯುವುದನ್ನು ಇನ್ನಷ್ಟು ಬೇಗ ಮಾಡುತ್ತದೆ. ಮುಚ್ಚಿದ ಟ್ರಂಕಿನಲ್ಲಿ, ಮುಂಬೈಯ ಸೆಕೆ ಮತ್ತು ತೇವದಲ್ಲಿ ಅದಕ್ಕೆ ಹಬ್ಬ.

ತಂಬೂ ಟಾಕೀಸ್ · ಜೂನ್ 6, ಮಧ್ಯಾಹ್ನ 2:10

ಇಲ್ಲಿ ಯಾರೂ ಅಂಟಿನ ಜೋಡಣೆಯ ಪರ ಮಾತನಾಡುತ್ತಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ನಾನು ಈಗ ಭೋಸರಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಸೋಲಾಪುರ, ಅಕ್ಕಲಕೋಟೆ ಕಡೆಯ ಜಾತ್ರೆಗಳಲ್ಲಿ ತಂಬೂ ಹೊಡೆದು 16 ಎಂ.ಎಂ. ತೋರಿಸಿದ ಆಪರೇಟರ್ ನಾನು. ಒಂದು ರಾತ್ರಿಗೆ ಎರಡು ಆಟ, ಒಂದೇ ಪ್ರಿಂಟು ಆರು ಊರು ಸುತ್ತಬೇಕು. ಟೇಪು ಎಂಬುದನ್ನು ನಾವು ನಂಬಿದವರಲ್ಲ.

ಜಾಯಿಂಟ್ ಎಂದರೆ ಹೀಗೆ. ಎರಡೂ ತುದಿಯನ್ನು ಸ್ಪ್ಲೈಸರಿನಲ್ಲಿ ಕಚ್ಚಿಸಬೇಕು. ಒಂದು ತುದಿಯ ಮಸಾಲೆಯನ್ನು, ಅಂದರೆ ಚಿತ್ರ ಮೂಡಿದ ಪದರವನ್ನು, ಕೆರೆಯುವ ಬ್ಲೇಡಿನಿಂದ ನಾಲ್ಕೈದು ಸಲ ಮೆಲ್ಲಗೆ ಎಳೆದು ಪೂರ್ತಿ ತೆಗೆಯಬೇಕು. ಕಣ್ಣಿಗೆ ಗಾಜಿನಂತೆ ಕಾಣಬೇಕು, ಒಂದು ಚುಕ್ಕಿ ಬಣ್ಣ ಉಳಿದರೂ ಅಲ್ಲಿ ಅಂಟು ಹಿಡಿಯುವುದಿಲ್ಲ. ಇನ್ನೊಂದು ತುದಿಯ ಬೆನ್ನನ್ನು ಸ್ವಲ್ಪ ಒರಟು ಮಾಡಬೇಕು. ಕುಂಚದಿಂದ ಒಂದೇ ಎಳೆತ ಅಂಟು. ಎರಡನೇ ಸಲ ಎಳೆದರೆ ಪಕ್ಕದ ಚಿತ್ರಕ್ಕೆ ಹರಿಯಿತು ಎಂದೇ ಲೆಕ್ಕ. ತಕ್ಷಣ ಮುಚ್ಚಳ ಒತ್ತಿ ಇಪ್ಪತ್ತು ಎಣಿಸಬೇಕು. ತೆಗೆದು ಬೆರಳಲ್ಲಿ ಬಾಗಿಸಿದರೆ ಜಾಯಿಂಟಿನ ಮೂಲೆ ಏಳಬಾರದು. ಅಂಥ ಜಾಯಿಂಟು ಪ್ರೊಜೆಕ್ಟರಿನ ಗೇಟಿನಲ್ಲಿ, ಅಂದರೆ ದೀಪದ ಮುಂದೆ ಫಿಲ್ಮು ಹಾಯುವ ಸಂದಿಯಲ್ಲಿ, ಬೆಣ್ಣೆಯ ಹಾಗೆ ಜಾರುತ್ತದೆ. ಧ್ವನಿ ಇರುವ ಪ್ರಿಂಟಾದರೆ ಜಾಯಿಂಟು ಧ್ವನಿಯ ದೀಪದ ಮುಂದೆ ಹೋಗುವಾಗ ‘ಟಪ್’ ಎನ್ನುತ್ತದೆ, ಅದಕ್ಕೆ ಕಪ್ಪು ಮಸಿಯಿಂದ ಒಂದು ತ್ರಿಕೋನ ಬಳಿಯುತ್ತಿದ್ದೆವು. 16 ಎಂ.ಎಂ.ನಲ್ಲಿ ಧ್ವನಿ ಚಿತ್ರಕ್ಕಿಂತ 26 ಚೌಕ, ಅಂದರೆ 26 ಬಿಡಿ ಚಿತ್ರಗಳಷ್ಟು, ಮುಂದಿರುತ್ತದೆ, ಆದ್ದರಿಂದ ಚಿತ್ರ ನೆಗೆದಾಗಲ್ಲ, ಒಂದು ಸೆಕೆಂಡು ಆಚೀಚೆ ಸದ್ದಾಗುತ್ತಿತ್ತು. ಜನ ಬೀಡಿ ಬಿಟ್ಟು ಪ್ರೊಜೆಕ್ಟರ್ ಕಡೆ ತಿರುಗಿ ನೋಡುತ್ತಿದ್ದರು.

ಟೇಪಿನ ಅಂಟು ಸೆಕೆಗೆ ಬೆವರುತ್ತದೆ, ಪಕ್ಕದ ಸುತ್ತಿಗೆ ಹತ್ತಿಕೊಳ್ಳುತ್ತದೆ. ಅಂಟು ಹಚ್ಚುವ ಬಗೆಯದು, ಅಂದರೆ ಸಿಮೆಂಟ್ ಸ್ಪ್ಲೈಸರ್ ಕೊಳ್ಳಿ. ಅಂಟು ಸಿಗದಿದ್ದರೆ ಅಸಿಟೋನಿನಲ್ಲಿ ಹಳೆಯ ಫಿಲ್ಮಿನ ಚೂರು ಕರಗಿಸಿ ಮನೆಯಲ್ಲೇ ಮಾಡಿಕೊಳ್ಳಬಹುದು, ನಮ್ಮ ಉಸ್ತಾದ್ ಹಾಗೇ ಮಾಡುತ್ತಿದ್ದರು.

ಮಾಟುಂಗಾ ರಸಶಾಲೆ · ಜೂನ್ 6, ಸಂಜೆ 6:30

ತಂಬೂ ಅಣ್ಣ, ನಿಮ್ಮ ಕೈಕೆಲಸದ ವಿವರಣೆ ಓದಿ ಸಂತೋಷವಾಯಿತು. ಆದರೆ ಮುಲುಂಡಿನವರ ಹದಿನೈದು ರೀಲುಗಳಿಗೆ ಅದು ನಡೆಯುವುದಿಲ್ಲ. ಕಾರಣ ರಸಾಯನಶಾಸ್ತ್ರದ್ದು, ನಾನು ಅದನ್ನೇ ಪಾಠ ಮಾಡುವವಳು.

ಫಿಲ್ಮ್ ಸಿಮೆಂಟ್ ನಿಜವಾಗಿ ಗೋಂದಿನಂತಹ ಅಂಟಲ್ಲ. ಅದು ದ್ರಾವಕ. ಎರಡೂ ತುದಿಗಳ ಮೇಲ್ಮೈಯನ್ನು ಕರಗಿಸುತ್ತದೆ, ಒತ್ತಿದಾಗ ಕರಗಿದ ಎರಡು ಮೈ ಒಂದಾಗುತ್ತವೆ, ದ್ರಾವಕ ಆರಿಹೋಗುತ್ತದೆ. ಬೆಸುಗೆಯಿದ್ದಂತೆ. ಪಾಲಿಯೆಸ್ಟರ್ ಆ ದ್ರಾವಕಕ್ಕೆ ಕರಗುವುದೇ ಇಲ್ಲ. ಹಚ್ಚಿದ್ದು ಆರಿದ ಮೇಲೆ ಒಣ ಎಲೆಯಂತೆ ಬಿಟ್ಟುಕೊಳ್ಳುತ್ತದೆ. ಸಿಂಗಲ್ 8 ಫಿಲ್ಮು ಪಾಲಿಯೆಸ್ಟರಿನದು. ಅದಕ್ಕೆ ಟೇಪು, ಇಲ್ಲವೇ ಲ್ಯಾಬುಗಳಲ್ಲಿರುವ ಅಲ್ಟ್ರಾಸಾನಿಕ್ ಸ್ಪ್ಲೈಸರ್. ಎರಡನೆಯದು ನಮ್ಮ ನಿಮ್ಮ ಬಜೆಟ್ಟಿನದಲ್ಲ.

ಅಸಿಟೋನಿನ ವಿಷಯ: ನಿಮ್ಮ ಉಸ್ತಾದರ ಉಸ್ತಾದರು ಬೇಗ ಹೊತ್ತಿಕೊಳ್ಳುವ ಹಳೆಯ ನೈಟ್ರೇಟ್ ಫಿಲ್ಮಿನ ಕಾಲದವರಿರಬೇಕು. ನೈಟ್ರೇಟ್ ಅಸಿಟೋನಿನಲ್ಲಿ ಚೆನ್ನಾಗಿ ಕರಗುತ್ತದೆ. ಆಮೇಲಿನ ಟ್ರೈಅಸಿಟೇಟ್ ಬರಿಯ ಅಸಿಟೋನಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೆ ಡೈಕ್ಲೋರೋಮೀಥೇನ್‌ನಂಥದ್ದು ಬೇಕು. ಅದರ ಆವಿ ಒಳ್ಳೆಯದಲ್ಲ, ಕಿಟಕಿ ತೆರೆದು ಕೂರಬೇಕು, ಮಕ್ಕಳು ದೂರ. ಹಾಗೆಯೇ, ಮನೆಯ 8 ಎಂ.ಎಂ. ರೀಲು ಬೆಂಕಿ ಹತ್ತಿ ಉರಿಯುತ್ತದೆ ಎಂಬ ಭಯ ಕೆಲವರಿಗಿದೆ. 8 ಎಂ.ಎಂ. ಮೊದಲಿನಿಂದಲೂ ಸುಲಭವಾಗಿ ಹೊತ್ತಿಕೊಳ್ಳದ ಸೇಫ್ಟಿ ಫಿಲ್ಮೇ, ಆ ಭಯ ಬೇಡ.

ಇನ್ನೊಂದು ವಾರದಲ್ಲಿ ಮಳೆ ಹಿಡಿಯುತ್ತದೆ. ದ್ರಾವಕ ಬೇಗ ಆರುವಾಗ ಅಲ್ಲಿನ ಗಾಳಿ ತಣ್ಣಗಾಗಿ ತೇವ ಕೂರುತ್ತದೆ, ಜೋಡಣೆ ಬೆಳ್ಳಗಾಗಿ ಪೊಳ್ಳಾಗುತ್ತದೆ. ಜುಲೈಯಲ್ಲಿ ಸಿಮೆಂಟ್ ಕೆಲಸ ಮಾಡುವುದಿದ್ದರೆ ಏಸಿ ಇರುವ ಕೋಣೆಯಲ್ಲಿ ಮಾಡಿ.

ತಂಬೂ ಟಾಕೀಸ್ · ಜೂನ್ 6, ರಾತ್ರಿ 8:00

ಒಪ್ಪಿದೆ ಮೇಡಂ. ಪಾಲಿಯೆಸ್ಟರಿನ ಜೊತೆ ನನಗೂ ಹಳೆಯ ವೈರವಿದೆ. ಒಮ್ಮೆ ಅಂಥ ಪ್ರಿಂಟು ಗೇಟಿನಲ್ಲಿ ಸಿಕ್ಕಿಕೊಂಡಿತು. ಅಸಿಟೇಟ್ ಆಗಿದ್ದರೆ ಹರಿದು ಅಲ್ಲಿಗೆ ಮುಗಿಯುತ್ತಿತ್ತು. ಅದು ಹರಿಯಲಿಲ್ಲ, ಗೇಟಿನ ಸ್ಪ್ರಿಂಗನ್ನೇ ಬಾಗಿಸಿತು. ಆ ರಾತ್ರಿ ಎರಡನೇ ಆಟ ರದ್ದು, ಜನರಿಗೆ ದುಡ್ಡು ವಾಪಸು. ಟ್ರಾಮಿನ ರೀಲಿಗೆ ಮಾತ್ರ ಸಿಮೆಂಟೇ ಸರಿ, ಅದನ್ನು ಬಿಟ್ಟುಕೊಡುವುದಿಲ್ಲ.

ಮಡಗಾಂವ್ ಮಾಳಿಗೆ · ಜೂನ್ 7, ಬೆಳಗ್ಗೆ 7:40

ಗೋವಾದಿಂದ ನನ್ನದೂ ಒಂದು ಅನುಭವ. ನಾನು ಎರಡು ವರ್ಷದ ಹಿಂದೆ ಜರ್ಮನಿಯಿಂದ ಹಳೆಯ ಟೇಪ್ ಸ್ಪ್ಲೈಸರ್ ತರಿಸಿದೆ. ಯಂತ್ರದ ಬೆಲೆ ಇಪ್ಪತ್ತು ಯೂರೊ ಎಂದು ಹಿಗ್ಗಿದೆ. ಸಾಗಣೆ, ಸುಂಕ, ಸುಂಕ ಕಟ್ಟಿಕೊಟ್ಟದ್ದಕ್ಕೆ ಕೊರಿಯರಿನವರ ಸೇವಾಶುಲ್ಕ ಎಲ್ಲ ಸೇರಿ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅದರ ಮೂರರಷ್ಟಾಯಿತು. ಕೋಳಿಗಿಂತ ಮಸಾಲೆಯೇ ದುಬಾರಿ. ಅದರ ಜೊತೆ ‘ತೆರೆಯದ ನಾಲ್ಕು ಪೊಟ್ಟಣ ಟೇಪು ಉಚಿತ’ ಎಂದಿದ್ದರು. ತೆರೆಯದೇ ಇದ್ದದ್ದು ನಿಜ, ನಲವತ್ತು ವರ್ಷದಿಂದ. ಹಿಂಬದಿಯ ಕಾಗದ ಸುಲಿದರೆ ಅಂಟು ಕಾಗದಕ್ಕೇ ಅಂಟಿಕೊಂಡು ಬಂತು.

ಯಂತ್ರ ಇವತ್ತಿಗೂ ಗಡಿಯಾರದಂತೆ ನಡೆಯುತ್ತಿದೆ. ಉಕ್ಕಿಗೆ ವಯಸ್ಸಾಗುವುದಿಲ್ಲ, ಅಂಟಿಗೆ ಆಗುತ್ತದೆ. ಐದು ಸಾವಿರದಲ್ಲಿ ಯಂತ್ರಕ್ಕೆ ಅರ್ಧ ಮೀರಿ ಹಾಕಬೇಡಿ, ಉಳಿದದ್ದು ಹೊಸ ಟೇಪಿಗೆ. ದ್ರಾವಕದ ಬಾಟಲಿಯನ್ನು ಹೊರದೇಶದಿಂದ ತರಿಸುವ ಸಾಹಸ ಬೇಡ, ಹೊತ್ತಿಕೊಳ್ಳುವ ವಸ್ತು ಎಂದು ವಿಮಾನಕ್ಕೆ ಹತ್ತಿಸುವುದಿಲ್ಲ.

ಮುಲುಂಡ್ ಅಟ್ಟ · ಜೂನ್ 13, ರಾತ್ರಿ 11:05

ತಪ್ಪು ಒಪ್ಪಿಕೊಳ್ಳುತ್ತೇನೆ. ಕತ್ತರಿ ಸರ್ ಬೇಡ ಎಂದರೂ ಇವತ್ತು ಶುಕ್ರವಾರ ಎಂದು ಮನಸ್ಸು ತಡೆಯದೆ ಹೋದೆ.

ಮಳೆ ಜಿನುಗುತ್ತಿತ್ತು. ನೀಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಿಕ್ಸರ್ ಜಾರುಗಳ, ಕೈಮುರಿದ ಗೊಂಬೆಗಳ ನಡುವೆ ಅಂಗೈ ಅಗಲದ ಬೂದು ಬಣ್ಣದ ಒಂದು ಕಬ್ಬಿಣದ ವಸ್ತು ಕಂಡಿತು. ಎರಡು ರೆಕ್ಕೆ, ಮಧ್ಯದಲ್ಲಿ ಕೆರೆಯುವ ಬ್ಲೇಡು. ತಂಬೂ ಅಣ್ಣ ವರ್ಣಿಸಿದ್ದ ಸಿಮೆಂಟ್ ಸ್ಪ್ಲೈಸರೇ. ನನಗೆ ಬೇಕಾದದ್ದು ಟೇಪಿನದ್ದು ಎಂದು ಗೊತ್ತಿದ್ದೂ ಕೈಗೆತ್ತಿಕೊಂಡೆ. ಎರಡೂವರೆ ಸಾವಿರ ಎಂದ. ಒಂಬೈನೂರಕ್ಕೆ ಬಂದ. ಸೂಪರ್ 8ಕ್ಕೆ ಆಗುತ್ತದೆಯೇ ಎಂದು ಕೇಳಿದೆ. ‘ಎಂಟು ಎಂದರೆ ಎಂಟೇ ಅಲ್ಲವೇ ಸಾಹೇಬರೇ’ ಎಂದ. ಟೇಪನ್ನೂ ಇದರಲ್ಲೇ ಹೇಗಾದರೂ ಹಚ್ಚಿಕೊಳ್ಳಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಗೆ ಬಂದು ಮೇಜಿನ ದೀಪದ ಕೆಳಗಿಟ್ಟೆ. ಫ್ಯೂಜಿ ಫಿಲ್ಮಿನ ತುದಿಯೊಂದನ್ನು ಹಾಸಿದೆ. ಫಿಲ್ಮನ್ನು ಹಿಡಿದಿಡುವ ಪಿನ್ನು ತೂತಿನೊಳಗೆ ಇಳಿಯಲಿಲ್ಲ. ಫಿಲ್ಮು ಪಿನ್ನುಗಳ ತುದಿಯ ಮೇಲೆ, ನೀರು ತುಂಬಿದ ಲೋಟದ ಮೇಲೆ ಇಟ್ಟ ತಟ್ಟೆಯ ಹಾಗೆ ತೇಲುತ್ತಾ ನಿಂತಿತು. ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನು ತೂತಿಗಿಂತ ಸ್ಪಷ್ಟವಾಗಿ ದಪ್ಪ. ಒತ್ತಿದ್ದರೆ ತೂತಿನ ಅಂಚು ಸೀಳುತ್ತಿತ್ತು. ಪುಣ್ಯಕ್ಕೆ ಅಷ್ಟು ಬುದ್ಧಿ ಉಳಿದಿತ್ತು, ಒತ್ತಲಿಲ್ಲ.

ಚಾಳಿನ ಕೊನೆಮನೆ · ಜೂನ್ 13, ರಾತ್ರಿ 11:20

ಒಂಬೈನೂರು? ನಾನಾಗಿದ್ದರೆ ಆರುನೂರಕ್ಕೆ ತರುತ್ತಿದ್ದೆ.

ಕೋತ್ರೂಡ್ ಕತ್ತರಿ · ಜೂನ್ 14, ಬೆಳಗ್ಗೆ 9:30

ಬೇಸರ ಬೇಡ. ನೀವು ಕೊಂಡದ್ದು ರೆಗ್ಯುಲರ್ 8ರ ಸಿಮೆಂಟ್ ಸ್ಪ್ಲೈಸರ್. ಅಂದರೆ ಟ್ರಾಮಿನ ಗುಂಪಿಗೆ ಹೇಳಿ ಮಾಡಿಸಿದ್ದು! ಕುರುಡುಗಣ್ಣಿನಲ್ಲಿ ಎಸೆದ ಕಲ್ಲು ಹಣ್ಣಿಗೇ ತಾಗಿದೆ. ಕೆರೆಯುವ ಬ್ಲೇಡಿಗೆ ತುಕ್ಕು ಹಿಡಿದಿಲ್ಲದಿದ್ದರೆ ಸಾಕು.

ಇನ್ನು ಟೇಪಿನದ್ದನ್ನು ಕೊಳ್ಳುವಾಗ ನೋಡಬೇಕಾದದ್ದನ್ನು ಹೇಳುತ್ತೇನೆ. ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ಕೆಲಸಕ್ಕೆ ಬಾರದ ಒಂದು ಅಡಿ ಸೂಪರ್ 8 ಲೀಡರ್, ಸ್ವಲ್ಪ ಹೊಸ ಟೇಪು, ಭೂತಗನ್ನಡಿ ಜೇಬಿನಲ್ಲಿರಲಿ. ಮೊದಲು ಪಿನ್ನುಗಳು. ಫಿಲ್ಮು ತಾನಾಗಿ ಇಳಿದು ಚಪ್ಪಟೆಯಾಗಿ ಮಲಗಬೇಕು, ಬೆರಳಿನಿಂದ ಅತ್ತಿತ್ತ ತಳ್ಳಿದರೆ ಅಲುಗಬಾರದು. ಒಂದೇ ಒಂದು ಪಿನ್ನು ಬಾಗಿದ್ದರೂ ಯಂತ್ರವನ್ನು ಕೆಳಗಿಡಿ. ಬಾಗಿದ ಪಿನ್ನನ್ನು ನೆಟ್ಟಗೆ ಮಾಡುತ್ತೇನೆ ಎಂದು ಇಕ್ಕಳ ಹಿಡಿದವರೆಲ್ಲ ಮುರಿದೇ ತಂದಿದ್ದಾರೆ, ನಾನೂ ಸೇರಿ. ಆಮೇಲೆ ಬ್ಲೇಡು. ಲೀಡರನ್ನು ಕತ್ತರಿಸಿ, ಎರಡು ತುದಿಯನ್ನು ಪಿನ್ನಿನ ಮೇಲೆ ಎದುರುಬದುರು ಇಟ್ಟು, ಇಡೀ ಯಂತ್ರವನ್ನು ಆಕಾಶಕ್ಕೆ ಹಿಡಿದು ಸಂದಿಯಲ್ಲಿ ನೋಡಿ. ಕೂದಲೆಳೆಯಷ್ಟು ಬೆಳಕು ಎಲ್ಲ ಕಡೆ ಒಂದೇ ಅಗಲಕ್ಕೆ ಕಂಡರೆ ಚಿಂತೆಯಿಲ್ಲ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದರೆ ಬ್ಲೇಡು ಓರೆಯಾಗಿದೆ.

ಟೇಪಿನಲ್ಲೂ ಎರಡು ದಾರಿಗಳಿವೆ. ಮೊದಲೇ ತೂತು ಇರುವ ಟೇಪನ್ನು ಪಿನ್ನಿಗೆ ಸರಿಯಾಗಿ ಕೂರಿಸುವುದು ಒಂದು. ತೂತಿಲ್ಲದ ಟೇಪನ್ನು ಹಾಸಿ ಹಿಡಿಕೆ ಒತ್ತಿದರೆ ಯಂತ್ರವೇ ತೂತು ಕೊರೆದು ಅಂಚನ್ನೂ ಕತ್ತರಿಸುವುದು ಇನ್ನೊಂದು. ಎರಡನೆಯದು ಇಟಲಿಯ ಸಿ.ಐ.ಆರ್. ಯಂತ್ರದ ಮಾದರಿ. ಅದನ್ನು ರೂಪಿಸಿದ ಲಿಯೊ ಕಟೋಝೊ ಸ್ವತಃ ಸಂಕಲನಕಾರ, ನಿರ್ದೇಶಕ ಫೆಲಿನಿಯ ಚಿತ್ರಗಳಿಗೆ ಕತ್ತರಿ ಹಿಡಿದವನು. ಅಂಟು ಕೆರೆದೂ ಕೆರೆದೂ ಬೇಸತ್ತವನಿಗೇ ಇಂಥದ್ದು ಹೊಳೆಯುತ್ತದೆ. ಅಂಟಿನಲ್ಲಿ ಒಂದು ತುದಿಯನ್ನು ಇನ್ನೊಂದರ ಮೇಲೆ ಏರಿಸಬೇಕಾದ್ದರಿಂದ ಚಿತ್ರ ನಷ್ಟವಾಗುತ್ತದೆ. ಟೇಪಿನಲ್ಲಿ ಒಂದು ಚೌಕವೂ ಹೋಗುವುದಿಲ್ಲ, ತಪ್ಪಾದರೆ ಸುಲಿದು ಮತ್ತೆ ಹಚ್ಚಬಹುದು. ಸಂಕಲನದ ಮೇಜಿನಲ್ಲಿ ಒಂದೇ ಜಾಗವನ್ನು ದಿನಕ್ಕೆ ಹತ್ತು ಸಲ ಬಿಚ್ಚಿ ಕಟ್ಟುವ ನಮಗೆ ಅದು ವರವಾಯಿತು. ಆದರೆ ಆ ಬಗೆಯ ಹಳೆಯ ಯಂತ್ರದಲ್ಲಿ ಕೊರೆಯುವ ಪಂಚುಗಳ ಸುತ್ತ ದಶಕಗಳ ಅಂಟು ಜಮೆಯಾಗಿರುತ್ತದೆ. ಕೊರೆದ ತೂತಿನ ಅಂಚನ್ನು ನೋಡಿ. ಚೂರು ಟೇಪು ನಾಲಿಗೆಯಂತೆ ಜೋತಾಡುತ್ತಿದ್ದರೆ ಪಂಚು ಮೊಂಡಾಗಿದೆ, ಇಲ್ಲವೇ ಕೊಳೆಯಾಗಿದೆ. ಕೊಳೆಯಾದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹೋಗುತ್ತದೆ. ಮೊಂಡಾದದ್ದಕ್ಕೆ ಮದ್ದಿಲ್ಲ.

ನಿಮಗೆ ಮೊದಲೇ ತೂತಿರುವ ಟೇಪಿನ ಸರಳ ಯಂತ್ರವೇ ಸಾಕು. ಒಂಬತ್ತು ಜೋಡಣೆಗೆ ಸಿ.ಐ.ಆರ್. ಏಕೆ?

ಮುಲುಂಡ್ ಅಟ್ಟ · ಜೂನ್ 14, ಬೆಳಗ್ಗೆ 10:02

ದೊಡ್ಡಪ್ಪನ ಸೆಲ್ಲೋಟೇಪಿನ ಅಂಟು ತೆಗೆಯುವುದಕ್ಕೂ ಅದೇ ಆಲ್ಕೋಹಾಲ್ ಆದೀತೇ? ಮನೆಯಲ್ಲಿ ಸ್ಪಿರಿಟ್ ಬಾಟಲಿ ಇದೆ.

ಮಾಟುಂಗಾ ರಸಶಾಲೆ · ಜೂನ್ 14, ಬೆಳಗ್ಗೆ 10:30

ಮನೆಯ ಸ್ಪಿರಿಟ್ ಬೇಡ, ಅದರಲ್ಲಿ ನೀರಿರುತ್ತದೆ, ನೀರು ತಾಗಿದರೆ ಚಿತ್ರದ ಪದರ ಉಬ್ಬುತ್ತದೆ. 99 ಪ್ರತಿಶತದ ಐಸೊಪ್ರೊಪೈಲ್ ತನ್ನಿ. ಹತ್ತಿಯಲ್ಲದ ಮೆತ್ತನೆಯ ಬಟ್ಟೆ, ಅದೂ ಒದ್ದೆಯಲ್ಲ, ತೇವ ಮಾತ್ರ. ಮೊದಲು ಚಿತ್ರವಿಲ್ಲದ ತುದಿಯಲ್ಲಿ ಪರೀಕ್ಷಿಸಿ. ಪೂರ್ತಿ ಆರುವ ತನಕ ಸುತ್ತಬೇಡಿ. ಫಿಲ್ಮನ್ನು ಅಸಿಟೋನಿನಿಂದ, ಅಂದರೆ ಉಗುರುಬಣ್ಣ ತೆಗೆಯುವ ದ್ರವದಿಂದ ಒರೆಸುವ ಯೋಚನೆ ಬಂದರೆ ಎದ್ದು ಹೋಗಿ ಚಹಾ ಕುಡಿಯಿರಿ.

ಸಂಶಯಾತ್ಮ · ಜೂನ್ 14, ಮಧ್ಯಾಹ್ನ 1:15

ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಸ್ಪ್ಲೈಸರುಗಳೂ ಇವೆ. ಅಷ್ಟೆಲ್ಲ ಅಲೆಯುವ ಬದಲು ಅದನ್ನೇ ಮಾಡಿಸಬಾರದೇ?

ಮಡಗಾಂವ್ ಮಾಳಿಗೆ · ಜೂನ್ 14, ಮಧ್ಯಾಹ್ನ 1:50

ಮಾಡಿಸಿ ನೋಡಿದ್ದೇನೆ. ಸೂಪರ್ 8ರ ತೂತಿನ ಅಗಲ 1 ಮಿಲಿಮೀಟರಿಗಿಂತ ಕಡಿಮೆ. ಅಷ್ಟು ಸಣ್ಣ ಪ್ಲಾಸ್ಟಿಕ್ ಪಿನ್ನು ಹತ್ತನೇ ಜೋಡಣೆಗೆ ಮುರಿಯಿತು. ಪಿನ್ನಿನ ಜಾಗದಲ್ಲಿ ಉಕ್ಕಿನ ತಂತಿ ಕೂರಿಸಿದರೆ ನಡೆಯುತ್ತದೆ. ಕತ್ತರಿಸುವುದಕ್ಕೆ ಬ್ಲೇಡು ಬೇರೆ. ಆಸಕ್ತಿಯಿದ್ದವರಿಗೆ ಒಳ್ಳೆಯ ಆಟಿಕೆ.

ಕೋತ್ರೂಡ್ ಕತ್ತರಿ · ಜೂನ್ 22, ಮಧ್ಯಾಹ್ನ 12:40

ಮುಲುಂಡಿನವರೇ, ಇವತ್ತು ಭಾನುವಾರ, ಇಲ್ಲಿನ ಜುನಾ ಬಜಾರಿಗೆ ಹೋಗಿದ್ದೆ. ಅದು ಬುಧವಾರ, ಭಾನುವಾರ ಮಾತ್ರ ಕೂರುತ್ತದೆ. ಹಳೆಯ ಬೀಗಗಳ ರಾಶಿಯಲ್ಲಿ ಸೂಪರ್ 8ರ ಟೇಪ್ ಸ್ಪ್ಲೈಸರ್ ಒಂದು ಸಿಕ್ಕಿತು. ಪಿನ್ನು ನೆಟ್ಟಗಿವೆ, ಬ್ಲೇಡು ನೇರವಿದೆ, ಲೀಡರ್ ಹಾಕಿ ನೋಡಿದೆ. ಏಳುನೂರು ಕೊಟ್ಟೆ. ನಿಮಗೆ ಬೇಕಾದರೆ ಅದೇ ಬೆಲೆಗೆ. ಟೇಪನ್ನು ನೀವೇ ಹೊಸದು ತರಿಸಿ.

ಮುಲುಂಡ್ ಅಟ್ಟ · ಜುಲೈ 20, ರಾತ್ರಿ 11:50

ಕೆಲಸ ಆಯಿತು. ಕತ್ತರಿ ಸರ್ ಕಳಿಸಿದ ಯಂತ್ರ, ಹೊಸ ಟೇಪು.

ಒಂಬತ್ತು ಜೋಡಣೆಗೆ ಎರಡೂವರೆ ಗಂಟೆ ಹಿಡಿಯಿತು. ಮೊದಲನೆಯದಕ್ಕೇ ನಲವತ್ತು ನಿಮಿಷ. ಫ್ಯಾನ್ ಹಾಕಿದರೆ ಟೇಪು ಹಾರಿ ಬೆರಳಿಗೆ ಅಂಟುತ್ತದೆ, ಆರಿಸಿದರೆ ಬೆವರು ಹನಿ ಫಿಲ್ಮಿನ ಮೇಲೆ ಬೀಳುತ್ತದೆ. ಕೊನೆಗೆ ಮಗಳು ಹಣೆಗೆ ಟವೆಲ್ ಕಟ್ಟಿದಳು. ಟೇಪಿನ ಕೆಳಗೆ ಗುಳ್ಳೆ ಉಳಿದರೆ ಉಗುರಿನ ಬೆನ್ನಿನಿಂದ ಮಧ್ಯದಿಂದ ಅಂಚಿಗೆ ಸವರಬೇಕು ಎಂಬುದು ಗೊತ್ತಾಗುವ ಹೊತ್ತಿಗೆ ಐದನೆಯದಕ್ಕೆ ಬಂದಿದ್ದೆ. ಎರಡೂ ಬದಿಗೆ ಹಚ್ಚುವುದನ್ನು ಒಮ್ಮೆ ಮರೆತೆ.

ರಾತ್ರಿ ಗೋಡೆಗೆ ಬೆಡ್‌ಶೀಟ್ ಕಟ್ಟಿ ಹಾಕಿದೆವು. ರಥಬೀದಿ, ಮೊಸರುಕುಡಿಕೆ ಕಂಬ, ಹುಲಿಗಳು. ಇದ್ದಕ್ಕಿದ್ದಂತೆ ಹುಲಿಗಳೆಲ್ಲ ತಲೆಕೆಳಗಾಗಿ ಆಕಾಶದಲ್ಲಿ ಕುಣಿಯುತ್ತಾ ಹಿಮ್ಮುಖವಾಗಿ ಹೋಗತೊಡಗಿದವು. ಏಳನೇ ತುಂಡನ್ನು ಮಗುಚಿ ಜೋಡಿಸಿದ್ದೆ. ತೂತು ಒಂದೇ ಬದಿಗೆ ಬರುತ್ತದೆಯಲ್ಲ, ಸರಿಯಾಗಿದೆ ಎಂದುಕೊಂಡಿದ್ದೆ. ಅಮ್ಮ ಮಾತ್ರ ‘ಅವನೇ, ಅವನೇ, ನಿಲ್ಲಿಸು’ ಎಂದರು. ತಲೆಕೆಳಗಾಗಿದ್ದ ಮರಿಹುಲಿಯನ್ನೂ ಗುರುತು ಹಿಡಿದರು. ಆ ಪ್ರೊಜೆಕ್ಟರಿನಲ್ಲಿ ನಿಲ್ಲಿಸಿದರೆ ಬಲ್ಬಿನ ಬಿಸಿಗೆ ಫಿಲ್ಮು ಸುಡುತ್ತದೆ ಎಂದು ಹೆದರಿ ನಿಲ್ಲಿಸಲಿಲ್ಲ. ಇಡೀ ರೀಲು ಮೂರು ನಿಮಿಷ ಚಿಲ್ಲರೆ, ಮತ್ತೆ ಎರಡು ಸಲ ಹಾಕಿದೆ.

ತಂಬೂ ಟಾಕೀಸ್ · ಜುಲೈ 21, ಬೆಳಗ್ಗೆ 6:15

ಮಗುಚಿದ್ದು ನಾಚಿಕೆಯ ವಿಷಯವಲ್ಲ. ನಾನು ಒಮ್ಮೆ ದೇವರ ಚಿತ್ರದ ಕೊನೆಯ ರೀಲಿಗೆ ಬೇರೆ ಚಿತ್ರದ ಹಾಡು ಜೋಡಿಸಿದ್ದೆ. ಜನ ಶಿಳ್ಳೆ ಹೊಡೆದರು. ಟ್ರಾಮ್ ಏನಾಯಿತು?

ಮುಲುಂಡ್ ಅಟ್ಟ · ಜುಲೈ 21, ರಾತ್ರಿ 9:30

ಟ್ರಾಮಿನ ರೀಲೂ ಹುಳಿ ವಾಸನೆಯ ಎರಡರಲ್ಲಿ ಒಂದು, ಅಣ್ಣ. ಚೋರ್ ಬಜಾರಿನ ಯಂತ್ರದ ಪಿನ್ನಿಗೆ ಒಂದು ತೂತು ಸರಿಯಾಗಿ ಕೂರುತ್ತದೆ, ಪಕ್ಕದ್ದು ಬಿಗಿ. ಏಕೆ ಎಂದು ತಿಳಿಯಲಿಲ್ಲ.

ಕೋತ್ರೂಡ್ ಕತ್ತರಿ · ಜುಲೈ 21, ರಾತ್ರಿ 10:10

ಕುಗ್ಗಿದೆ. ಹುಳಿ ಹಿಡಿದ ಅಸಿಟೇಟ್ ಕುಗ್ಗುತ್ತದೆ. ಕುಗ್ಗದ ಇನ್ನೊಂದು ರೆಗ್ಯುಲರ್ 8 ರೀಲನ್ನು ಅದರ ಪಕ್ಕದಲ್ಲಿ ಹಾಸಿ, ಒಂದು ತೂತನ್ನು ಸರಿಹೊಂದಿಸಿ ನೂರು ತೂತು ಎಣಿಸಿ. ನೂರನೆಯದರಲ್ಲಿ ಒಂದು ಪೂರ್ತಿ ತೂತಿನ ವ್ಯತ್ಯಾಸ ಬಂದರೆ ನೂರಕ್ಕೆ ಒಂದರಷ್ಟು ಕುಗ್ಗಿದೆ ಎಂದರ್ಥ. ಅಷ್ಟಾದರೆ ಪ್ರೊಜೆಕ್ಟರಿಗೆ ಹಾಕಲೇಬೇಡಿ, ಅದರ ಹಲ್ಲು ಪ್ರತಿ ತೂತನ್ನೂ ಸೀಳುತ್ತಾ ಹೋಗುತ್ತದೆ.

ಮುಲುಂಡ್ ಅಟ್ಟ · ಜುಲೈ 22, ರಾತ್ರಿ 10:45

ಎಣಿಸಿದೆ. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚೇ. ಕಿಟಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಎರಡಂತಸ್ತಿನ ಟ್ರಾಮ್, ಕಂಬಿ ಹಿಡಿದು ಜೋತಾಡುವ ಬಿಳಿ ಟೋಪಿಯವರೊಬ್ಬರು.

ಸಂಶಯಾತ್ಮ · ಜುಲೈ 22, ರಾತ್ರಿ 11:00

ಈಗಲಾದರೂ ಸ್ಕ್ಯಾನ್ ಮಾಡಿಸುತ್ತೀರಾ?

ಕೋತ್ರೂಡ್ ಕತ್ತರಿ · ಜುಲೈ 22, ರಾತ್ರಿ 11:12

ಇದರಲ್ಲಿ ನಿಮ್ಮ ಮಾತೇ ಸರಿ. ಹಲ್ಲುಚಕ್ರವಿಲ್ಲದೆ ಫಿಲ್ಮನ್ನು ಮೆಲ್ಲಗೆ ಎಳೆಯುವ ಸ್ಕ್ಯಾನರ್ ಇರುವವರಿಗೇ ಕೊಡಬೇಕು, ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ. ಸ್ಕ್ಯಾನ್ ಆಯಿತೆಂದು ಮೂಲ ರೀಲನ್ನು ಎಸೆಯಬೇಡಿ. ಬೀದಿಯ ಟ್ರಾಮ್ ಇರುವ ಮನೆಯ ಫಿಲ್ಮು ಮನೆಯವರಿಗಷ್ಟೇ ಸೇರಿದ್ದಲ್ಲ. ನಮ್ಮ ಪುಣೆಯಲ್ಲಿ 1964ರಿಂದ ಫಿಲ್ಮ್ ಆರ್ಕೈವ್ ಇದೆ, ಮುಂಬೈಯಲ್ಲೇ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದೆ. ಒಂದು ಪತ್ರ ಬರೆದು ಕೇಳಿ.

ಮುಂದಿನ ಮಂಗಳವಾರ ಡೆಕ್ಕನ್ ಕ್ವೀನ್‌ನಲ್ಲಿ ಬರುತ್ತಿದ್ದೇನೆ, ಬೆಳಗ್ಗೆ ದಾದರಿನಲ್ಲಿ ಇಳಿಯುತ್ತೇನೆ. ಉಳಿದ ಟೇಪಿನಲ್ಲಿ ನನಗೆ ಅರ್ಧ ಕೊಡಿ, ನಿಮ್ಮ ಏಳನೇ ತುಂಡನ್ನು ನಾನು ನೆಟ್ಟಗೆ ಮಾಡಿಕೊಡುತ್ತೇನೆ.

ಮುಲುಂಡ್ ಅಟ್ಟ · ಜುಲೈ 22, ರಾತ್ರಿ 11:20

ಟೇಪು ತರುತ್ತೇನೆ ಸರ್. ಏಳನೇ ತುಂಡನ್ನು ಸದ್ಯ ಮುಟ್ಟಬೇಡ ಎಂದು ಅಮ್ಮ ಹೇಳಿದ್ದಾರೆ.